ಮನೆಯ ಚಾಪೆ, ಸ್ಯಾನಿಟೋರಿಯಂ ಮಂಚ: ಕ್ಷಯ ಚಿಕಿತ್ಸೆಯ ದಾರಿ ಬದಲಿಸಿದ ಮದ್ರಾಸ್ ಪ್ರಯೋಗ

ನಮ್ಮ ಮನೆಗಳ ಹಿರಿಯರು ಕೆಲವು ಕಾಯಿಲೆಗಳ ಹೆಸರನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅವುಗಳಲ್ಲಿ ಕ್ಷಯವೂ ಒಂದು. ಉರ್ದು ಮಾತನಾಡುವ ಮನೆಗಳಲ್ಲಿ ಅದು ‘ದಿಖ್’. ಉಳಿದವರು ‘ಎದೆಯ ಕಾಯಿಲೆ’ ಎಂದು ಹೇಳಿ ಮಾತು ಬದಲಿಸುತ್ತಿದ್ದರು. ಕಾಯಿಲೆ ಬಂದವನ ತಟ್ಟೆ, ಲೋಟ, ಚಾಪೆ ಎಲ್ಲವೂ ಬೇರೆಯಾಗುತ್ತಿದ್ದವು. ಮನೆಯಲ್ಲಿ ಮದುವೆಗೆ ಬಂದ ಹೆಣ್ಣುಮಗಳಿದ್ದರೆ ವಿಷಯ ಬಾಗಿಲಿನಿಂದ ಹೊರಗೆ ಹೋಗದಂತೆ ಕಾಯುತ್ತಿದ್ದರು.

ಇದೆಲ್ಲ ಹಳೆಯ ಕಾಲದ ಮಾತು ಎಂದು ಹೇಳುವಂತಿಲ್ಲ. ಜಗತ್ತಿನ ಕ್ಷಯ ರೋಗಿಗಳಲ್ಲಿ ಸುಮಾರು ಕಾಲು ಭಾಗ ಇಂದಿಗೂ ಭಾರತದಲ್ಲಿದ್ದಾರೆ. ರೋಗವನ್ನು ಮುಚ್ಚಿಡುವ ಮನೆಗಳು ನಮ್ಮ ಜಮಾಅತ್‌ಗಳಲ್ಲೂ ಇವೆ. ಎರಡು ತಿಂಗಳಲ್ಲಿ ಕೆಮ್ಮು ನಿಂತಿತೆಂದು ಮಾತ್ರೆ ನಿಲ್ಲಿಸುವವರೂ ಇದ್ದಾರೆ. ಸೊಸೆಗೆ ಟಿ.ಬಿ. ಎಂದು ಗೊತ್ತಾದ ದಿನವೇ ಅವಳನ್ನು ತವರಿಗೆ ಕಳುಹಿಸುವ ಕ್ರೌರ್ಯವೂ ಇನ್ನೂ ಮುಗಿದಿಲ್ಲ.

ಕ್ಷಯ ರೋಗಿಯನ್ನು ಮನೆಯಿಂದ ಹೊರಹಾಕಬೇಕಾಗಿಲ್ಲ, ಮನೆಯಲ್ಲಿಯೇ ಇಟ್ಟುಕೊಂಡು ಗುಣಪಡಿಸಬಹುದು ಎಂಬ ಅರಿವು ವೈದ್ಯಲೋಕಕ್ಕೆ ತಾನಾಗಿಯೇ ಬಂದದ್ದಲ್ಲ. ನಮ್ಮ ನೆರೆಯ ಮದ್ರಾಸ್ ನಗರದಲ್ಲಿ, ಬಡವರ ಕಿರುಮನೆಗಳಲ್ಲಿ, 1956ರಲ್ಲಿ ಆರಂಭವಾದ ಒಂದು ಪ್ರಯೋಗ ಅದನ್ನು ಸಾಬೀತುಪಡಿಸಿತು. ಈ ತಿಂಗಳು ನಾವು ಆ ಚರಿತ್ರೆಯನ್ನು ಓದುಗರ ಮುಂದಿಡುತ್ತಿದ್ದೇವೆ. ಆ ಪ್ರಯೋಗದಿಂದ ಪ್ರಯೋಜನ ಪಡೆದವರಲ್ಲಿ ನಮ್ಮ ಕುಟುಂಬಗಳೂ ಸೇರಿವೆ. ಆದರೆ ಅದರ ಬಗ್ಗೆ ತಿಳಿದವರು ನಮ್ಮಲ್ಲಿ ಕಡಿಮೆ.

ಔಷಧ ಕೆಲಸ ಮಾಡಿತೆಂದು ತಿಳಿಯುವುದು ಹೇಗೆ?

ರೋಗಿಗೆ ಒಂದು ಔಷಧ ಕೊಟ್ಟೆವು, ಅವನು ಗುಣವಾದ. ಔಷಧದಿಂದಲೇ ಗುಣವಾದನೇ? ಕೊಡದಿದ್ದರೂ ಗುಣವಾಗುತ್ತಿದ್ದನೇ? ಈ ಪ್ರಶ್ನೆ ಸರಳವಾಗಿ ಕಂಡರೂ ಮನುಷ್ಯಕುಲ ಅದಕ್ಕೆ ಸರಿಯಾದ ಉತ್ತರ ಕಂಡುಕೊಳ್ಳಲು ಬಹಳ ಕಾಲ ಹಿಡಿಯಿತು.

ಈ ಪ್ರಶ್ನೆಯನ್ನು ಬಹಳ ಮೊದಲೇ ಕೇಳಿದವರಲ್ಲಿ ಅಬೂಬಕರ್ ಅರ್ರಾಝಿ ಒಬ್ಬರು. ಇಂದಿನ ಟೆಹರಾನ್ ಬಳಿಯ ರಯ್ ಪಟ್ಟಣದ ಈ ವೈದ್ಯರು ಸುಮಾರು 925ರಲ್ಲಿ ತೀರಿಕೊಂಡರು. ಮಿದುಳಿನ ಪೊರೆಯ ಉರಿಯೂತದ ಲಕ್ಷಣ ಕಂಡ ರೋಗಿಗಳಲ್ಲಿ ಒಂದು ಗುಂಪಿಗೆ ಅವರು ರಕ್ತ ತೆಗೆಯುವ ಚಿಕಿತ್ಸೆ ಮಾಡಿದರು, ಇನ್ನೊಂದು ಗುಂಪಿಗೆ ಬೇಕೆಂದೇ ಮಾಡಲಿಲ್ಲ. ಎರಡನ್ನೂ ಹೋಲಿಸಿ ಒಂದು ತೀರ್ಮಾನಕ್ಕೆ ಬರುವುದೇ ತಮ್ಮ ಉದ್ದೇಶವಾಗಿತ್ತೆಂದು ಅವರು ದಾಖಲಿಸಿದ್ದಾರೆ. ರಕ್ತ ತೆಗೆಯುವುದರಿಂದ ಲಾಭವಾಯಿತೆಂಬ ಅವರ ತೀರ್ಮಾನವನ್ನು ಇಂದು ಯಾರೂ ಒಪ್ಪುವುದಿಲ್ಲ. ಆದರೆ ಎರಡು ಗುಂಪುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕೆಂಬ ಆಲೋಚನೆ ಉಳಿದುಕೊಂಡಿತು. ಅವರ ನಂತರ ಇಬ್ನ್ ಸೀನಾ (980–1037) ತಮ್ಮ ‘ಅಲ್ ಖಾನೂನ್’ ಗ್ರಂಥದಲ್ಲಿ ಔಷಧವನ್ನು ಪರೀಕ್ಷಿಸುವ ನಿಯಮಗಳನ್ನೇ ಬರೆದಿಟ್ಟರು. ಔಷಧದ ಪರಿಣಾಮ ಒಮ್ಮೆ ಕಂಡರೆ ಸಾಲದು, ಮತ್ತೆ ಮತ್ತೆ ಕಾಣಬೇಕು. ಪ್ರಾಣಿಗಳ ಮೇಲೆ ನೋಡಿದ್ದು ಮನುಷ್ಯನಿಗೆ ಅನ್ವಯಿಸದೆ ಇರಬಹುದು, ಆದ್ದರಿಂದ ಪರೀಕ್ಷೆ ಮನುಷ್ಯನ ದೇಹದಲ್ಲೇ ಆಗಬೇಕು ಎಂಬುದು ಆ ನಿಯಮಗಳ ಸಾರದಲ್ಲಿ ಸೇರಿದೆ.

ಅರ್ರಾಝಿಯವರ ವಿಧಾನದಲ್ಲಿ ಒಂದು ಕೊರತೆಯಿತ್ತು. ಯಾರಿಗೆ ಚಿಕಿತ್ಸೆ, ಯಾರಿಗೆ ಬೇಡ ಎಂಬುದನ್ನು ವೈದ್ಯರೇ ಆರಿಸಿದರೆ, ಗಟ್ಟಿಮುಟ್ಟಾದವರು ತಿಳಿದೋ ತಿಳಿಯದೆಯೋ ಒಂದೇ ಗುಂಪಿಗೆ ಸೇರಿಬಿಡಬಹುದು. ಆಗ ಹೋಲಿಕೆ ನ್ಯಾಯವಾಗಿರುವುದಿಲ್ಲ. ಈ ಕೊರತೆಯನ್ನು ತುಂಬಲು ಇಪ್ಪತ್ತನೆಯ ಶತಮಾನ ಬರಬೇಕಾಯಿತು. ಅದು ಸ್ಪಷ್ಟವಾಗಿ ಆದದ್ದು ಕ್ಷಯದ ಔಷಧದ ವಿಷಯದಲ್ಲೇ.

ಗಾಳಿ, ವಿಶ್ರಾಂತಿ, ಹಾಲು, ಮೊಟ್ಟೆ

ಕ್ಷಯಕ್ಕೆ ಒಂದು ಸೂಕ್ಷ್ಮಾಣು ಕಾರಣ ಎಂದು ಜರ್ಮನಿಯ ರಾಬರ್ಟ್ ಕಾಖ್ 1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ಪ್ರಕಟಿಸಿದರು. ಪ್ರತಿವರ್ಷ ಅದೇ ದಿನವನ್ನು ನಾವು ವಿಶ್ವ ಕ್ಷಯ ದಿನವೆಂದು ಆಚರಿಸುತ್ತೇವೆ. ಶತ್ರು ಯಾರೆಂದು ಅಂದು ತಿಳಿದರೂ ಅದನ್ನು ಕೊಲ್ಲುವ ಔಷಧಕ್ಕಾಗಿ ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಕಾಯಬೇಕಾಯಿತು.

ಅಲ್ಲಿಯವರೆಗೆ ಇದ್ದ ಉಪಾಯ ಸ್ಯಾನಿಟೋರಿಯಂ. ಊರಿನ ಹೊರಗೆ, ಗುಡ್ಡದ ತಂಪಿನಲ್ಲಿ, ದೊಡ್ಡ ಕಿಟಕಿಗಳ ಕಟ್ಟಡ. ಅಲ್ಲಿ ರೋಗಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಮಲಗಿರಬೇಕು. ಶುದ್ಧ ಗಾಳಿ, ಪೂರ್ಣ ವಿಶ್ರಾಂತಿ, ಹಾಲು, ಮೊಟ್ಟೆ, ಮಾಂಸ: ಇವೇ ಔಷಧ. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು ಕ್ಷಯಕ್ಕೆ ಬಲಿಯಾದ ತಮ್ಮ ಸಹೋದರಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ನೆನಪಿಗೆ 1921ರಲ್ಲಿ ಸ್ಯಾನಿಟೋರಿಯಂ ಕಟ್ಟಿಸಿದರು. ಇಂದು ಅದು ಪಿ.ಕೆ.ಟಿ.ಬಿ. ಆಸ್ಪತ್ರೆ ಎಂದು ಪ್ರಸಿದ್ಧ. ಅರಮನೆಯ ಗೋಡೆಗಳೂ ಈ ರೋಗವನ್ನು ತಡೆಯಲಿಲ್ಲ. ಜವಾಹರಲಾಲ್ ನೆಹರೂ ಅವರ ಪತ್ನಿ ಕಮಲಾ ಚಿಕಿತ್ಸೆಗಾಗಿ ಯುರೋಪಿಗೆ ಹೋಗಿ, 1936ರಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನ್ ನಗರದಲ್ಲಿ ಇದೇ ಕಾಯಿಲೆಯಿಂದ ತೀರಿಕೊಂಡರು.

ಶ್ರೀಮಂತರ ಸ್ಥಿತಿಯೇ ಹೀಗಿದ್ದಾಗ ಬೀಡಿ ಕಟ್ಟುವವರು, ನೇಯುವವರು, ಗಾಡಿ ಎಳೆಯುವವರು ಎಲ್ಲಿಗೆ ಹೋಗಬೇಕಿತ್ತು? ಸ್ವಾತಂತ್ರ್ಯ ಬಂದ ಹೊಸತರಲ್ಲಿ ದೇಶದ ಕ್ಷಯ ರೋಗಿಗಳನ್ನು ಲಕ್ಷಗಳಲ್ಲಿ ಎಣಿಸಬೇಕಿತ್ತು, ಆಸ್ಪತ್ರೆಯ ಹಾಸಿಗೆಗಳನ್ನು ಸಾವಿರಗಳಲ್ಲಿ. ಹಾಸಿಗೆ ಸಿಕ್ಕರೂ ದುಡಿಯುವ ಕೈ ವರ್ಷವಿಡೀ ಮಂಚದ ಮೇಲಿದ್ದರೆ ಮನೆಯ ಒಲೆ ಉರಿಯುವುದು ಹೇಗೆ? ಹಾಲು ಕುಡಿಯುವ ಮಗುವನ್ನು ಬಿಟ್ಟು ತಾಯಿ ಹೋಗುವುದು ಹೇಗೆ?

ಲಂಡನ್ನಿನ ಲಕೋಟೆಗಳು

ಅಮೆರಿಕದ ರಟ್ಗರ್ಸ್‌ನಲ್ಲಿ ಸೆಲ್ಮನ್ ವ್ಯಾಕ್ಸ್‌ಮನ್ ಅವರ ಪ್ರಯೋಗಾಲಯದ ವಿದ್ಯಾರ್ಥಿ ಆಲ್ಬರ್ಟ್ ಶಾಟ್ಜ್ 1943ರಲ್ಲಿ ಮಣ್ಣಿನ ಸೂಕ್ಷ್ಮಾಣುವಿನಿಂದ ಸ್ಟ್ರೆಪ್ಟೋಮೈಸಿನ್ ಔಷಧವನ್ನು ಬೇರ್ಪಡಿಸಿದರು. ಅದು ಕ್ಷಯದ ಸೂಕ್ಷ್ಮಾಣುವಿನ ಮೇಲೂ ಕೆಲಸ ಮಾಡಿತು. ಮಹಾಯುದ್ಧದಿಂದ ಬಸವಳಿದಿದ್ದ ಬ್ರಿಟನ್ನಿಗೆ ಈ ಔಷಧ ದೊರೆತದ್ದು ಸ್ವಲ್ಪವೇ. ಎಲ್ಲ ರೋಗಿಗಳಿಗೂ ಕೊಡಲು ಸಾಲುತ್ತಿರಲಿಲ್ಲ. ಹೀಗಿರುವಾಗ ಯಾರಿಗೆ ಕೊಡುವುದು?

ಅಲ್ಲಿನ ವೈದ್ಯಕೀಯ ಸಂಶೋಧನಾ ಮಂಡಳಿಯಲ್ಲಿ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಎಂಬ ಸಂಖ್ಯಾಶಾಸ್ತ್ರಜ್ಞರಿದ್ದರು. ಅವರು ಆಯ್ಕೆಯನ್ನು ವೈದ್ಯರ ಕೈಯಿಂದ ತೆಗೆದು ಮುಚ್ಚಿದ ಲಕೋಟೆಯೊಳಗೆ ಇಟ್ಟರು. ರೋಗಿಯನ್ನು ಪ್ರಯೋಗಕ್ಕೆ ಸೇರಿಸಿಕೊಂಡ ನಂತರವೇ ಲಕೋಟೆ ಒಡೆಯಬೇಕು. ಒಳಗಿನ ಚೀಟಿಯಲ್ಲಿ ಬರೆದಂತೆ ಔಷಧ, ಇಲ್ಲವೇ ಅಂದಿನ ರೂಢಿಯ ಚಿಕಿತ್ಸೆಯಾದ ವಿಶ್ರಾಂತಿ ಮಾತ್ರ. ಹಕ್ಕು ಎಲ್ಲರಿಗೂ ಸಮಾನವಾಗಿದ್ದು ವಸ್ತು ಎಲ್ಲರಿಗೂ ಸಾಲದಿದ್ದಾಗ ಚೀಟಿ ಎತ್ತಿ ತೀರ್ಮಾನಿಸುವುದು ನಮಗೆ ಹೊಸ ವಿಷಯವಲ್ಲ. ಇಲ್ಲಿ ಆ ಚೀಟಿಯೇ ವಿಜ್ಞಾನಕ್ಕೂ ನೆರವಾಯಿತು. ಯಾರ ಒಲವೂ ಇಲ್ಲದೆ ಎರಡು ಗುಂಪುಗಳು ಒಂದೇ ತೂಕದಲ್ಲಿ ನಿಂತವು.

ಒಟ್ಟು 107 ರೋಗಿಗಳು. ಆರು ತಿಂಗಳ ಕೊನೆಯಲ್ಲಿ ಔಷಧ ಪಡೆದ 55 ಮಂದಿಯಲ್ಲಿ 4 ಮಂದಿ, ವಿಶ್ರಾಂತಿ ಮಾತ್ರ ಪಡೆದ 52 ಮಂದಿಯಲ್ಲಿ 14 ಮಂದಿ ತೀರಿಕೊಂಡಿದ್ದರು. 1948ರಲ್ಲಿ ಪ್ರಕಟವಾದ ಈ ವರದಿ ವೈದ್ಯಕೀಯ ಸಂಶೋಧನೆಯ ಇತಿಹಾಸದಲ್ಲಿ ಒಂದು ಮೈಲಿಗಲ್ಲು.

ಅದೇ ವರದಿ ಒಂದು ಎಚ್ಚರಿಕೆಯನ್ನೂ ಕೊಟ್ಟಿತು. ಔಷಧ ಪಡೆದ ಅನೇಕರ ದೇಹದಲ್ಲಿ ಸೂಕ್ಷ್ಮಾಣು ಆ ಔಷಧಕ್ಕೆ ಬಗ್ಗದಂತೆ ಬಲಿತುಕೊಂಡಿತ್ತು. ಮೊದಲು ಸುಧಾರಿಸಿದವರು ಮತ್ತೆ ಕುಸಿದರು. ಸ್ವೀಡನ್ನಿನಲ್ಲಿ ಯೋರ್ಗೆನ್ ಲೇಮನ್ ಕಂಡುಹಿಡಿದ ಪಾಸ್ ಎಂಬ ಔಷಧವನ್ನು ಸ್ಟ್ರೆಪ್ಟೋಮೈಸಿನ್ ಜೊತೆ ಸೇರಿಸಿ ಕೊಟ್ಟಾಗ ಹೀಗೆ ಬಲಿಯುವುದು ಬಹಳ ಕಡಿಮೆಯಾಯಿತೆಂದು ಮುಂದಿನ ಪ್ರಯೋಗ ತೋರಿಸಿತು. 1952ರಲ್ಲಿ ಐಸೋನಿಯಾಜಿಡ್ ಬಂತು. ಅದು ಅಗ್ಗ, ನುಂಗುವ ಮಾತ್ರೆ, ಬಲವಾದ ಔಷಧ. ಕ್ಷಯಕ್ಕೆ ಏಕೆ ಒಂದಲ್ಲ, ಮೂರು ನಾಲ್ಕು ಔಷಧ ಕೊಡುತ್ತಾರೆ ಎಂದು ಕೇಳುವವರಿಗೆ ಉತ್ತರ ಇಲ್ಲಿದೆ. ಒಂದು ಔಷಧದಿಂದ ತಪ್ಪಿಸಿಕೊಳ್ಳುವ ಸೂಕ್ಷ್ಮಾಣುವನ್ನು ಇನ್ನೊಂದು ಹಿಡಿಯುತ್ತದೆ. ಮಾತ್ರೆಯನ್ನು ಮಧ್ಯದಲ್ಲಿ ನಿಲ್ಲಿಸುವವನು ಆ ಬೇಲಿಯನ್ನು ತಾನೇ ಕಿತ್ತ ಹಾಗೆ.

ಮದ್ರಾಸಿನ ಪ್ರಶ್ನೆ

ಈಗ ನುಂಗುವ ಮಾತ್ರೆಗಳಿವೆ. ಹಾಗಾದರೆ ಸ್ಯಾನಿಟೋರಿಯಂ ಇನ್ನೂ ಬೇಕೇ? ಬಡವ ತನ್ನ ಕಿಕ್ಕಿರಿದ ಮನೆಯಲ್ಲಿ, ಅರೆಹೊಟ್ಟೆಯಲ್ಲಿ, ಕೆಲಸ ಮಾಡುತ್ತಲೇ ಈ ಮಾತ್ರೆಗಳಿಂದ ಗುಣವಾಗಬಲ್ಲನೇ? ಆಗಲಾರನೆಂದು ನಂಬಿದ ವೈದ್ಯರು ಬಹಳ ಮಂದಿ. ಬಡವನಿಗೆ ಮಾತ್ರೆ ಕೊಟ್ಟು ಮನೆಗೆ ಕಳುಹಿಸಿದರೆ ಅವನೂ ಗುಣವಾಗುವುದಿಲ್ಲ, ಮನೆಮಂದಿಗೂ ಅಂಟಿಸುತ್ತಾನೆ ಎಂಬ ಭಯ ಆಧಾರವಿಲ್ಲದ್ದೇನೂ ಆಗಿರಲಿಲ್ಲ. ಸರಿಯೋ ತಪ್ಪೋ ಎಂದು ನೋಡಿದವರು ಮಾತ್ರ ಇರಲಿಲ್ಲ.

ಅದನ್ನು ನೋಡುವ ಸಲುವಾಗಿ 1956ರಲ್ಲಿ ಮದ್ರಾಸಿನ ಚೆಟ್‌ಪೇಟೆಯಲ್ಲಿ ಕ್ಷಯ ಔಷಧ ಚಿಕಿತ್ಸಾ ಕೇಂದ್ರ ಆರಂಭವಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದ್ರಾಸ್ ಸರಕಾರ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಬ್ರಿಟನ್ನಿನ ಸಂಶೋಧನಾ ಮಂಡಳಿ ಇದರಲ್ಲಿ ಕೈಜೋಡಿಸಿದವು. ಬ್ರಿಟನ್ನಿನಿಂದ ಬಂದ ವಾಲೆಸ್ ಫಾಕ್ಸ್ ಎಂಬ ವೈದ್ಯರು ಮೊದಲ ವರ್ಷಗಳಲ್ಲಿ ಅದನ್ನು ಮುನ್ನಡೆಸಿದರು. ಕೆಲಸ ಮಾಡಿದ ವೈದ್ಯರು, ದಾದಿಯರು, ಮನೆಮನೆಗೆ ನಡೆದ ಆರೋಗ್ಯ ಸಂದರ್ಶಕಿಯರು ಬಹುತೇಕ ನಮ್ಮ ನಾಡಿನವರೇ.

ಪ್ರಯೋಗಕ್ಕೆ ಸೇರಿದವರು 193 ರೋಗಿಗಳು, ಮದ್ರಾಸ್ ನಗರದ ಬಡ ಬಡಾವಣೆಗಳ ಜನ. ಲಂಡನ್ನಿನಂತೆ ಇಲ್ಲೂ ಚೀಟಿಯ ಕ್ರಮದಲ್ಲೇ ಎರಡು ಗುಂಪು ಮಾಡಿದರು. ಒಂದು ಗುಂಪು ಸ್ಯಾನಿಟೋರಿಯಂಗೆ ಹೋಯಿತು, ಇನ್ನೊಂದು ಮನೆಯಲ್ಲೇ ಉಳಿಯಿತು. ಔಷಧ ಇಬ್ಬರಿಗೂ ಒಂದೇ: ಐಸೋನಿಯಾಜಿಡ್ ಮತ್ತು ಪಾಸ್, ಪ್ರತಿದಿನ, ಒಂದು ವರ್ಷ. ಔಷಧ ಒಂದೇ ಆಗಿದ್ದರಿಂದ, ಉಳಿದ ಅಂತರವೇನಿದ್ದರೂ ಅದು ಮಂಚ, ಗಾಳಿ, ವಿಶ್ರಾಂತಿ ಮತ್ತು ಊಟದ್ದು.

ಆ ಅಂತರ ಸಣ್ಣದಾಗಿರಲಿಲ್ಲ. ಸ್ಯಾನಿಟೋರಿಯಂನಲ್ಲಿ ಒಳ್ಳೆಯ ಊಟ, ದೀರ್ಘ ವಿಶ್ರಾಂತಿ, ದಾದಿಯರ ಆರೈಕೆ. ಮನೆಯಲ್ಲಿ ಇಕ್ಕಟ್ಟು, ಬಡ ಊಟ, ಬೇಗನೆ ಕೆಲಸಕ್ಕೆ ಮರಳುವ ಒತ್ತಡ. ಮನೆಯವರು ವಾರಕ್ಕೊಮ್ಮೆ ಕೇಂದ್ರಕ್ಕೆ ಬಂದು ಔಷಧ ಒಯ್ಯುತ್ತಿದ್ದರು. ಆರೋಗ್ಯ ಸಂದರ್ಶಕಿಯರು ಹೇಳದೆ ಕೇಳದೆ ಮನೆಗೆ ಹೋಗಿ ಉಳಿದ ಮಾತ್ರೆಗಳನ್ನು ಎಣಿಸುತ್ತಿದ್ದರು, ಔಷಧ ನುಂಗಿದ್ದಾರೆಯೇ ಎಂದು ತಿಳಿಯಲು ಮೂತ್ರ ಪರೀಕ್ಷೆ ಮಾಡಿಸುತ್ತಿದ್ದರು. ಇದರಲ್ಲಿ ಅಪನಂಬಿಕೆಯಷ್ಟೇ ಇತ್ತೆಂದು ನಾವು ಭಾವಿಸಬಾರದು. ತಿಂಗಳುಗಟ್ಟಲೆ ದಿನವೂ ಮಾತ್ರೆ ನುಂಗುವುದು ಯಾರಿಗಾದರೂ ಬೇಸರ ತರುವ ಕೆಲಸ. ಬಾಗಿಲಿಗೆ ಬಂದು ವಿಚಾರಿಸುವವರೊಬ್ಬರು ಇದ್ದರೆ ಆ ಕೆಲಸ ನಡೆಯುತ್ತದೆ.

ವರ್ಷದ ಕೊನೆಗೆ ಲೆಕ್ಕ ಹಾಕಿದಾಗ ಸ್ಯಾನಿಟೋರಿಯಂ ಗುಂಪಿನಲ್ಲಿ ನೂರಕ್ಕೆ 92 ಮಂದಿಯ ರೋಗ ಶಾಂತವಾಗಿತ್ತು, ಕಫದಲ್ಲಿ ಸೂಕ್ಷ್ಮಾಣು ಇರಲಿಲ್ಲ. ಮನೆಯಲ್ಲಿದ್ದವರಲ್ಲಿ ಅದು ನೂರಕ್ಕೆ 86. ಸ್ಯಾನಿಟೋರಿಯಂನವರ ಮೈತೂಕ ಹೆಚ್ಚು ಏರಿತ್ತು, ನಿಜ. ಆದರೆ ರೋಗವನ್ನು ಅಡಗಿಸುವುದರಲ್ಲಿ ಮನೆಯ ಚಾಪೆ ಆಸ್ಪತ್ರೆಯ ಮಂಚಕ್ಕಿಂತ ಬಹಳ ಹಿಂದೇನೂ ಉಳಿದಿರಲಿಲ್ಲ. ಮುಂದಿನ ವರ್ಷಗಳಲ್ಲಿ ರೋಗ ಮರುಕಳಿಸಿದ ಪ್ರಮಾಣವೂ ಎರಡು ಗುಂಪುಗಳಲ್ಲಿ ಹೆಚ್ಚುಕಡಿಮೆ ಒಂದೇ. ವೈದ್ಯರ ಮಾತು ಮೀರಿ ನಡುವೆ ಹೊರಟುಹೋದವರು ಮಾತ್ರ ಸ್ಯಾನಿಟೋರಿಯಂನಲ್ಲೇ ಹೆಚ್ಚು. ಮನೆ ಮಕ್ಕಳನ್ನು ಬಿಟ್ಟು ವರ್ಷವಿಡೀ ಇರಲು ಎಷ್ಟು ಜನರಿಂದ ಸಾಧ್ಯ?

ಮನೆಮಂದಿಯ ಗತಿ ಏನಾಯಿತು?

ನಮ್ಮ ಕುಟುಂಬಗಳು ಮುಖ್ಯವಾಗಿ ಗಮನಿಸಬೇಕಾದ ಭಾಗ ಇದು. ಸಂಶೋಧಕರು ರೋಗಿಗಳನ್ನಷ್ಟೇ ನೋಡಿ ನಿಲ್ಲಿಸಲಿಲ್ಲ. ಅವರ ಮನೆಯ ಹೆಂಡತಿ, ಗಂಡ, ಮಕ್ಕಳು, ಮುದುಕರು ಎಲ್ಲರನ್ನೂ ಐದು ವರ್ಷ ಗಮನಿಸಿದರು. ರೋಗಿಯನ್ನು ಮನೆಯಲ್ಲೇ ಇಟ್ಟುಕೊಂಡ ಕುಟುಂಬಗಳಲ್ಲಿ, ರೋಗಿಯನ್ನು ಸ್ಯಾನಿಟೋರಿಯಂಗೆ ಕಳುಹಿಸಿದ ಕುಟುಂಬಗಳಿಗಿಂತ ಕ್ಷಯ ಹೆಚ್ಚಾಗಿ ಹರಡಲಿಲ್ಲ.

ಕಾರಣ ಹೀಗೆ. ಮನೆಯವರಿಗೆ ಸೋಂಕು ತಗಲುವುದು ಬಹುಮಟ್ಟಿಗೆ ರೋಗ ಪತ್ತೆಯಾಗುವ ಮೊದಲು, ಕೆಮ್ಮನ್ನು ಅಲಕ್ಷಿಸಿ ಅಥವಾ ಮುಚ್ಚಿಟ್ಟು ಕಳೆದ ತಿಂಗಳುಗಳಲ್ಲಿ. ಸರಿಯಾದ ಔಷಧ ಆರಂಭವಾದ ಮೇಲೆ ರೋಗಿ ಸೂಕ್ಷ್ಮಾಣು ಹರಡುವುದು ಬೇಗನೆ ಕುಗ್ಗುತ್ತದೆ. ರೋಗ ಗೊತ್ತಾದ ದಿನ ಅವನನ್ನು ಹೊರಹಾಕುವುದರಿಂದ ಯಾರೂ ಉಳಿಯುವುದಿಲ್ಲ. ಮೂರು ತಿಂಗಳು ಮೊದಲೇ ಕಫ ಪರೀಕ್ಷೆ ಮಾಡಿಸಿದ್ದರೆ ಎಲ್ಲರೂ ಉಳಿಯುತ್ತಿದ್ದರು. ತಟ್ಟೆ, ಲೋಟ ಬೇರೆ ಮಾಡುವುದಕ್ಕೂ ಅರ್ಥವಿಲ್ಲ. ಕ್ಷಯ ಹರಡುವುದು ಗಾಳಿಯಿಂದ, ಪಾತ್ರೆಯಿಂದಲ್ಲ. ಕಿಟಕಿ ತೆರೆದಿಡುವುದು, ಕೆಮ್ಮುವಾಗ ಬಾಯಿ ಮುಚ್ಚಿಕೊಳ್ಳುವುದು, ಮಾತ್ರೆ ತಪ್ಪಿಸದಿರುವುದು ಇವೇ ಮನೆಯವರನ್ನು ಕಾಯುವ ಕ್ರಮಗಳು.

ಈ ವರದಿ 1959ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಮನೆಯಲ್ಲಿ ಚಿಕಿತ್ಸೆ ಎಂಬುದು ಬಡ ದೇಶಗಳ ಅನಿವಾರ್ಯ ಎಂಬ ಮಾತು ಹೋಗಿ, ಎಲ್ಲರಿಗೂ ಸಲ್ಲುವ ಸರಿಯಾದ ದಾರಿ ಎಂದಾಯಿತು. ಮುಂದಿನ ದಶಕಗಳಲ್ಲಿ ಶ್ರೀಮಂತ ದೇಶಗಳ ಸ್ಯಾನಿಟೋರಿಯಂಗಳೂ ಒಂದೊಂದಾಗಿ ಬಾಗಿಲು ಮುಚ್ಚಿದವು.

ತುಮಕೂರಿನ ಹಳ್ಳಿಗಳಲ್ಲಿ

ಮದ್ರಾಸಿನ ಪಾಠವನ್ನು ದೇಶಕ್ಕೆಲ್ಲ ತಲುಪಿಸುವ ಹೊಣೆ ಬಂದದ್ದು ಬೆಂಗಳೂರಿಗೆ. 1959ರಲ್ಲಿ ಇಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಮನೆಯಲ್ಲಿ ಚಿಕಿತ್ಸೆ ಕೊಡಬಹುದು ಸರಿ, ಆದರೆ ಹಳ್ಳಿಯ ರೋಗಿಯನ್ನು ಹುಡುಕುವುದು ಹೇಗೆ? ಹಳ್ಳಿಗರಿಗೆ ರೋಗದ ಅರಿವಿಲ್ಲ, ಅವರು ಆಸ್ಪತ್ರೆಗೆ ಬರುವುದಿಲ್ಲ ಎಂದು ಎಲ್ಲರೂ ನಂಬಿದ್ದರು.

ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ರೋಗಿಗಳನ್ನು ಮಾತನಾಡಿಸಿದರು. 1963ರಲ್ಲಿ ಅವರು ಪ್ರಕಟಿಸಿದ ಅಧ್ಯಯನ ಆ ನಂಬಿಕೆಯನ್ನು ತಲೆಕೆಳಗು ಮಾಡಿತು. ಹೆಚ್ಚಿನ ರೋಗಿಗಳಿಗೆ ತಮ್ಮ ದೇಹದಲ್ಲಿ ಏನೋ ಸರಿಯಿಲ್ಲವೆಂದು ಗೊತ್ತಿತ್ತು. ಅರ್ಧದಷ್ಟು ಜನ ಚಿಕಿತ್ಸೆ ಕೇಳಿಕೊಂಡು ಆರೋಗ್ಯ ಕೇಂದ್ರದ ಬಾಗಿಲಿಗೂ ಹೋಗಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧದ ಬಾಟಲಿ. ಕಫವನ್ನು ಯಾರೂ ಪರೀಕ್ಷಿಸಿರಲಿಲ್ಲ. ತಪ್ಪು ಹಳ್ಳಿಗರದ್ದಲ್ಲ, ವ್ಯವಸ್ಥೆಯದ್ದು. ಸಾಮಾನ್ಯ ಆರೋಗ್ಯ ಕೇಂದ್ರದಲ್ಲೇ ಕಫ ಪರೀಕ್ಷೆ, ಅಲ್ಲಿಂದಲೇ ಉಚಿತ ಔಷಧ ಎಂಬ ರಾಷ್ಟ್ರೀಯ ಕಾರ್ಯಕ್ರಮ 1962ರಲ್ಲಿ ರೂಪುಗೊಂಡಾಗ ಅದರ ಹಿಂದೆ ನಮ್ಮ ತುಮಕೂರಿನ ರೈತರು ಹೇಳಿದ ಮಾತುಗಳಿದ್ದವು.

ಪ್ರಯೋಗಗಳು ಯಾವಾಗಲೂ ನಾವು ಬಯಸಿದ ಉತ್ತರವನ್ನೇ ಕೊಡುವುದಿಲ್ಲ. 1968ರಲ್ಲಿ ಮದ್ರಾಸಿನ ಪಕ್ಕದ ಚೆಂಗಲ್ಪಟ್ಟಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನರಲ್ಲಿ ಬಿ.ಸಿ.ಜಿ. ಲಸಿಕೆಯ ಪರೀಕ್ಷೆ ಆರಂಭವಾಯಿತು. ದೊಡ್ಡವರ ಶ್ವಾಸಕೋಶದ ಕ್ಷಯವನ್ನು ಅದು ತಡೆಯಲಿಲ್ಲವೆಂದು ಫಲಿತಾಂಶ ಬಂದಾಗ ಎಲ್ಲರಿಗೂ ನಿರಾಸೆಯಾಯಿತು. ಅದನ್ನೂ ಮುಚ್ಚಿಡದೆ ಪ್ರಕಟಿಸಿದರು. ಹುಟ್ಟಿದ ಮಗುವಿಗೆ ಇಂದಿಗೂ ಬಿ.ಸಿ.ಜಿ. ಹಾಕುವುದು ಮಿದುಳಿನ ಕ್ಷಯದಂತಹ ಮಕ್ಕಳ ಉಗ್ರ ರೂಪಗಳಿಂದ ಅದು ಕಾಯುತ್ತದೆ ಎಂಬ ಕಾರಣಕ್ಕೆ. ಆ ಲಸಿಕೆಯನ್ನು ಯಾವ ತಾಯಿಯೂ ತಪ್ಪಿಸಬಾರದು.

ಊಟದ ಪ್ರಶ್ನೆ ಮತ್ತೆ ಬಂತು

ಮದ್ರಾಸಿನ ಫಲಿತಾಂಶವನ್ನು ಕೆಲವರು ತಪ್ಪಾಗಿ ಓದಿದರು. ಒಳ್ಳೆಯ ಊಟವಿಲ್ಲದೆಯೂ ಔಷಧದಿಂದ ರೋಗ ಅಡಗುತ್ತದೆ ಎಂದರೆ ಊಟವೇ ಮುಖ್ಯವಲ್ಲ ಎಂದು ಅರ್ಥ ಮಾಡಿಕೊಂಡರು. ರೋಗ ಬಂದ ಮೇಲೆ ಗುಣವಾಗುವುದು ಒಂದು ಪ್ರಶ್ನೆ. ಮನೆಯ ಉಳಿದವರಿಗೆ ರೋಗ ಬರದಂತೆ ತಡೆಯುವುದು ಬೇರೆ ಪ್ರಶ್ನೆ. ಈ ಎರಡನೆಯದಕ್ಕೆ ಉತ್ತರ ಹುಡುಕಿದವರಲ್ಲಿ ನಮ್ಮ ಮಂಗಳೂರಿನವರಿದ್ದಾರೆ ಎಂಬುದು ಸಂತೋಷದ ಸಂಗತಿ.

ದೇರಳಕಟ್ಟೆಯ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಅವರ ಸಂಗಡಿಗರು 2019ರಲ್ಲಿ ಝಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ ‘ರೇಷನ್ಸ್’ ಎಂಬ ಪ್ರಯೋಗ ಆರಂಭಿಸಿದರು. 2,800 ರೋಗಿಗಳು ಮತ್ತು ಅವರ ಮನೆಯ 10,345 ಮಂದಿ ಅದರಲ್ಲಿದ್ದರು. ಎರಡೂ ಗುಂಪುಗಳ ರೋಗಿಗಳಿಗೆ ಔಷಧದೊಂದಿಗೆ ತಿಂಗಳ ಆಹಾರದ ಚೀಲ ಸಿಕ್ಕಿತು. ರೋಗಿಯನ್ನು ಹಸಿವಿನಲ್ಲಿಟ್ಟು ಯಾವ ಹೋಲಿಕೆಯನ್ನೂ ಮಾಡಲಿಲ್ಲ. ಒಂದು ಗುಂಪಿನಲ್ಲಿ ಮಾತ್ರ ಮನೆಯ ಉಳಿದವರಿಗೂ ಅಕ್ಕಿ, ಬೇಳೆ ಕೊಟ್ಟರು. 2023ರಲ್ಲಿ ಫಲಿತಾಂಶ ಪ್ರಕಟವಾಯಿತು. ಮನೆಮಂದಿಗೂ ಆಹಾರ ಸಿಕ್ಕ ಕುಟುಂಬಗಳಲ್ಲಿ ಹೊಸದಾಗಿ ಕ್ಷಯ ಬಂದವರ ಪ್ರಮಾಣ ಶೇ. 39ರಷ್ಟು ಕಡಿಮೆ. ಹರಡುವ ರೂಪದ ಶ್ವಾಸಕೋಶದ ಕ್ಷಯವಂತೂ ಶೇ. 48ರಷ್ಟು ಕಡಿಮೆ. ರೋಗಿಗಳಲ್ಲೂ ಮೊದಲ ತಿಂಗಳುಗಳಲ್ಲಿ ಮೈತೂಕ ಏರಿದವರು ಹೆಚ್ಚಾಗಿ ಬದುಕುಳಿದರು.

ಅಕ್ಕಿ ಬೇಳೆಯ ಒಂದು ಚೀಲ ರೋಗವನ್ನು ತಡೆಯುತ್ತದೆ ಎಂಬುದಕ್ಕೆ ಈಗ ಪುರಾವೆ ಇದೆ. ಝಕಾತ್ ಮತ್ತು ಸದಕದ ಹಣವನ್ನು ಎಲ್ಲಿ ವಿನಿಯೋಗಿಸಬೇಕೆಂದು ಚರ್ಚಿಸುವ ನಮ್ಮ ಮಸೀದಿ ಸಮಿತಿಗಳು ಈ ಅಂಕಿಗಳನ್ನು ಓದಬೇಕು. ಸರಕಾರ ಕ್ಷಯ ರೋಗಿಗೆ ಪೌಷ್ಟಿಕ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು, 2024ರಲ್ಲಿ ಅದು 1,000 ರೂಪಾಯಿಯಾಯಿತು. ಹೆಸರು ನೋಂದಾಯಿಸಲು ನಾಚಿಕೊಂಡು ಅದನ್ನು ಬಿಟ್ಟುಕೊಟ್ಟವರು ನಮ್ಮಲ್ಲಿದ್ದಾರೆ.

ಅಪನಂಬಿಕೆಗೆ ಉತ್ತರ

ಪ್ರಯೋಗ ಎಂದ ಕೂಡಲೇ ನಮ್ಮವರು ‘ನಮ್ಮನ್ನು ಇಲಿಗಳಂತೆ ಬಳಸುತ್ತಾರೆಯೇ?’ ಎಂದು ಕೇಳುತ್ತಾರೆ. ಈ ಭಯವನ್ನು ನಾವು ತಳ್ಳಿಹಾಕುವುದಿಲ್ಲ. ಅಮೆರಿಕದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಬಡ ಕಪ್ಪು ಜನಾಂಗದ ಸುಮಾರು 400 ಸಿಫಿಲಿಸ್ ರೋಗಿಗಳಿಗೆ ನಿಜ ಹೇಳದೆ, ಪೆನ್ಸಿಲಿನ್ ಬಂದ ಮೇಲೂ ಕೊಡದೆ, ರೋಗ ಹೇಗೆ ಬೆಳೆಯುತ್ತದೆ ಎಂದು ನೋಡುತ್ತಾ ಕುಳಿತರು. ನಾವು ಮೇಲೆ ಹೊಗಳಿದ ಲಂಡನ್ನಿನ ಪ್ರಯೋಗದಲ್ಲೂ, ಆ ಕಾಲದ ರೂಢಿಯಂತೆ, ರೋಗಿಗಳ ಒಪ್ಪಿಗೆ ಕೇಳಿರಲಿಲ್ಲ.

ಇಂತಹ ತಪ್ಪುಗಳಿಂದಲೇ ನಿಯಮಗಳು ಹುಟ್ಟಿದವು. 1964ರ ಹೆಲ್ಸಿಂಕಿ ಘೋಷಣೆ ರೋಗಿಯ ಹಿತವನ್ನು ವಿಜ್ಞಾನದ ಹಿತಕ್ಕಿಂತ ಮೇಲಿಟ್ಟಿತು. ನಮ್ಮ ದೇಶದಲ್ಲಿ ಔಷಧ ಪ್ರಯೋಗಗಳನ್ನು 2009ರಿಂದ ಸಾರ್ವಜನಿಕ ದಾಖಲೆಯಲ್ಲಿ ಕಡ್ಡಾಯವಾಗಿ ನೋಂದಾಯಿಸಬೇಕು. 2019ರ ನಿಯಮಗಳು ಒಪ್ಪಿಗೆ, ನೈತಿಕ ಸಮಿತಿಯ ಅನುಮತಿ, ಹಾನಿಯಾದರೆ ಪರಿಹಾರ ಎಲ್ಲವನ್ನೂ ಹೇಳುತ್ತವೆ. ಆದ್ದರಿಂದ ಯಾರಾದರೂ ನಮ್ಮನ್ನು ಪ್ರಯೋಗಕ್ಕೆ ಕರೆದರೆ ಓಡಬೇಕಾಗಿಲ್ಲ, ಕಣ್ಣುಮುಚ್ಚಿ ಹೆಬ್ಬೆಟ್ಟು ಒತ್ತಬೇಕಾಗಿಯೂ ಇಲ್ಲ. ಕೇಳೋಣ: ಇದು ನೋಂದಣಿಯಾಗಿದೆಯೇ? ಕಾಗದ ನಮ್ಮ ಭಾಷೆಯಲ್ಲಿದೆಯೇ? ಸೇರದಿದ್ದರೆ ಮಾಮೂಲಿ ಚಿಕಿತ್ಸೆ ಸಿಗುತ್ತದೆಯೇ? ನಡುವೆ ಬಿಟ್ಟು ಬರಬಹುದೇ? ಹಾನಿಯಾದರೆ ಯಾರು ಹೊಣೆ? ಸರಿಯಾದ ಉತ್ತರ ಸಿಕ್ಕ ಮೇಲೆ ಸೇರುವುದು, ಬಿಡುವುದು ನಮ್ಮ ಇಷ್ಟ.

ಮದ್ರಾಸಿನ ಆ 193 ಮಂದಿಯ ಹೆಸರುಗಳು ನಮಗೆ ತಿಳಿದಿಲ್ಲ. ಒಂದು ವರ್ಷ ದಿನವೂ ಮಾತ್ರೆ ನುಂಗಿ, ವಾರವಾರ ಕೇಂದ್ರಕ್ಕೆ ನಡೆದು, ತಮ್ಮ ಮಾತ್ರೆಗಳನ್ನು ಎಣಿಸಲು ಬಾಗಿಲು ತೆರೆದುಕೊಟ್ಟವರು ಅವರು. ಅವರ ನಂತರದ ಪ್ರಯೋಗಗಳಿಂದಾಗಿ ಚಿಕಿತ್ಸೆಯ ಅವಧಿ ಒಂದು ವರ್ಷ ಮೀರುತ್ತಿದ್ದದ್ದು ಆರು ತಿಂಗಳಿಗೆ ಇಳಿಯಿತು. ಔಷಧಕ್ಕೆ ಬಗ್ಗದ ಕ್ಷಯಕ್ಕೂ ಈಗ ಬೆಡಾಕ್ವಿಲಿನ್ ಇರುವ, ಆರು ತಿಂಗಳ ನುಂಗುವ ಮಾತ್ರೆಗಳ ಚಿಕಿತ್ಸೆ ಬಂದಿದೆ.

ನಮ್ಮ ಪಾಲಿನ ಕೆಲಸ ಇದಕ್ಕಿಂತ ಬಹಳ ಹಗುರ. ಎರಡು ವಾರ ಮೀರಿದ ಕೆಮ್ಮಿದ್ದರೆ, ಸಂಜೆಯ ಜ್ವರವಿದ್ದರೆ, ಮೈತೂಕ ಇಳಿಯುತ್ತಿದ್ದರೆ ಹತ್ತಿರದ ಸರಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸೋಣ. ಪರೀಕ್ಷೆಯೂ ಔಷಧವೂ ಉಚಿತ. ರಮಝಾನಿನಲ್ಲಿ ಮಾತ್ರೆ ಹೇಗೆ ಎಂಬ ಪ್ರಶ್ನೆ ಬಂದರೆ ತಾವೇ ನಿಲ್ಲಿಸದೆ ವೈದ್ಯರನ್ನೂ ಉಲಮಾಗಳನ್ನೂ ಮೊದಲೇ ಕೇಳೋಣ. ರೋಗಿಗೆ ಧರ್ಮವೇ ರಿಯಾಯಿತಿ ಕೊಟ್ಟಿದೆ. ಕ್ಷಯವೆಂದು ಗೊತ್ತಾದ ಮನೆಗೆ ಹೋಗುವುದನ್ನು ನಿಲ್ಲಿಸದಿರೋಣ. ರೋಗಿಯನ್ನು ಸಂದರ್ಶಿಸುವುದು ನಮ್ಮ ಮೇಲಿರುವ ಹಕ್ಕು. ಕಿಟಕಿ ತೆರೆದು, ಸ್ವಲ್ಪ ದೂರ ಕುಳಿತು, ಈ ವಾರದ ಮಾತ್ರೆ ನುಂಗಿದಿರಾ ಎಂದು ಕೇಳಿ ಬರೋಣ. ಹೋಗುವಾಗ ಮನೆಯ ಮಕ್ಕಳಿಗೆ ಸಾಕಾಗುವಷ್ಟು ಅಕ್ಕಿ, ಬೇಳೆ, ಮೊಟ್ಟೆ ಒಯ್ಯೋಣ.